ಕ್ಯಾಸೆಟ್ಟಿನೊಳಗಿನ ಆಡು

ರೇಡಿಯೋ, ಟೇಪು ಎರಡೂ ಇರುವ ಹಳೆಯ ಟೂ-ಇನ್-ಒನ್ ಕೊಳ್ಳುವ ಮೊದಲು ಅದರ ಕ್ಯಾಸೆಟ್ ಬಾಗಿಲು ತೆರೆದು ಮೂಸಿ ನೋಡಬೇಕು. ಇದನ್ನು ನಾನು ಎಲ್ಲರಿಗೂ ಪುಕ್ಕಟೆ ಹೇಳುವುದಿಲ್ಲ; ನೀವು ಓದುತ್ತ ಕುಳಿತಿದ್ದೀರಲ್ಲ, ಅದಕ್ಕೆ ಹೇಳಿದೆ. ಸುಟ್ಟ ರಬ್ಬರಿನ ವಾಸನೆ ಬಂದರೆ ಮೋಟಾರು ಹೋಗಿದೆ, ಅರ್ಧ ಬೆಲೆಗೆ ಇಳಿಸಿ. ಇಲಿಯ ವಾಸನೆ ಬಂದರೆ ವಯರು ಹೋಗಿದೆ, ಕೈಮುಗಿದು ಕಳಿಸಿ. ಆದರೆ ಈ ಸಲದ ಮಳೆ ಬಿಟ್ಟ ಮೇಲೆ ದಿವಾಕರಣ್ಣ ಉಪ್ಪಳದ ನನ್ನ ಸೆಕೆಂಡ್ ಹ್ಯಾಂಡ್ ಅಂಗಡಿಗೆ ತಂದಿಟ್ಟ ಪೆಟ್ಟಿಗೆಯಿಂದ ಬಂದದ್ದು ಹೊಗೆಸೊಪ್ಪಿನ ವಾಸನೆ. ಬೀಡಿ ಸೇದುವವನ ಬಾಯಿಯದ್ದಲ್ಲ. ಇನ್ನೂ ಬೆಂಕಿ ಕಾಣದೆ ಗೋಣಿಯಲ್ಲಿ ಕುಳಿತ ಹೊಗೆಸೊಪ್ಪಿನದ್ದು. ಚೌಕಾಸಿಗೆಂದು ತೆರೆದ ನನ್ನ ಬಾಯಿ ಹಾಗೆಯೇ ನಿಂತಿತು.

ಒಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು.

"ದಿವಾಕರಣ್ಣಾ, ಇದು ಅದೇ ಅಲ್ವಾ? ಬೀಡಿ ಬ್ರಾಂಚಿನಲ್ಲಿ ರೆಕಾರ್ಡು ಮಾಡಿದ್ದು?"

"ಅದನ್ನು ತೆಗೆದು ಬಿಸಾಡು ಮಾರಾಯ. ಅದ್ರೊಳಗೆ ಒಂದು ಆಡು ಉಂಟು."

ಇವರ ಪರಿಚಯ ನಿಮಗೆ ಹೇಳಬೇಕು. ದಿವಾಕರಣ್ಣ ಕುಂಜತ್ತೂರಿನವರು. ಈಗ ನೋಡಿದರೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ. ಪ್ರಾಯದಲ್ಲಿ ಮಾತ್ರ, ಗಲ್ಫಿನ ಭಾವ ತಂದುಕೊಟ್ಟ ಕೆಂಪು ಇಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು, ರೇಡಿಯೋದಲ್ಲಿ ಕೇಳಿದ ರಾಕ್ ಸಂಗೀತದ ಗತ್ತಿನಲ್ಲಿ ತುಳು ಹಾಡುಗಳನ್ನು ತಾವೇ ಕಟ್ಟಿ ಹಾಡುತ್ತಿದ್ದರು. ಡ್ರಮ್ಮಿಗೆ ಉಮೇಶ. ನಾನಾಗ ಮದುವೆ, ಗೃಹಪ್ರವೇಶಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಗಿಟಾರಿನ ವಯರು ಚುಚ್ಚಲು ನನ್ನ ಆಂಪ್ಲಿಫೈಯರೇ ಗತಿಯಾಗಿದ್ದರಿಂದ ನಾನೂ ತಂಡದವನೇ ಎಂದುಕೊಂಡಿದ್ದೆ. ಬಾಡಿಗೆ ಇಲ್ಲದೆ ನಾನು ಬಾಳಿನಲ್ಲಿ ಮಾಡಿದ ಕೆಲಸ ಅದೊಂದೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ತಮ್ಮನ ಮದುವೆಗೆ ಅರ್ಧವೇ ತೆಗೆದುಕೊಂಡದ್ದು ಅವಳಿಗೆ ನೆನಪಿಲ್ಲ.

ರೆಕಾರ್ಡು ಮಾಡಿದ್ದು ದಿವಾಕರಣ್ಣನ ಮಾವನ ಬೀಡಿ ಬ್ರಾಂಚಿನಲ್ಲಿ. ಊರಿನ ಹೆಂಗಸರು ಕಟ್ಟಿದ ಬೀಡಿಯನ್ನು ತಂದೊಪ್ಪಿಸಿ ಎಲೆ, ಹೊಗೆಸೊಪ್ಪು ಒಯ್ಯುವ ಕೋಣೆ ಅದು, ಭಾನುವಾರ ರಜೆ. ಗೋಡೆಯುದ್ದಕ್ಕೂ ಎಲೆಯ ಗೋಣಿಗಳನ್ನು ಮಾಡಿನವರೆಗೆ ಪೇರಿಸಿದ್ದರಿಂದ ಹೊಡೆದ ಸದ್ದು ತಿರುಗಿ ಬರುತ್ತಿರಲಿಲ್ಲ. ಇವತ್ತು ಸ್ಟುಡಿಯೋ ಕಟ್ಟುವವರು ಗೋಡೆಗೆ ಅಂಟಿಸುವ ಫೋಮಿಗೆ ಸುರಿಯುವ ದುಡ್ಡು ನೋಡಿದರೆ ನನಗೆ ನಗು ಬರುತ್ತದೆ. ಅಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದು ಆಂಪ್ಲಿಫೈಯರಿಗೆ ಹೋಯಿತು. ಟೂ-ಇನ್-ಒನ್ ಸೆಲ್ಲಿನಲ್ಲಿ ಓಡಬೇಕು, ಅಂಗಡಿಗಳು ಮುಚ್ಚಿವೆ. ಉಮೇಶ ನೆರೆಕರೆಯವರ ಟಾರ್ಚು ಬಿಚ್ಚಿ ಸೆಲ್ಲು ಒಟ್ಟು ಮಾಡಿ, ಅಂಗಳದಲ್ಲಿ ಒಣಮೀನಿನ ಪಕ್ಕ ಬಿಸಿಲಿಗೆ ಇಟ್ಟು ತಂದ. ಬಿಸಿಲಿಗೆ ಇಟ್ಟರೆ ಮುದಿ ಸೆಲ್ಲಿಗೂ ಜೀವ ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಸ್ವಲ್ಪ ನಿಜವೂ ಹೌದು.

ಹಾಡಿ ಮುಗಿಸಿ ಅಲ್ಲಿಯೇ ಹಾಕಿ ಕೇಳಿದೆವು. ಚಂದ ಇತ್ತು. ಮರುದಿನ ದಿವಾಕರಣ್ಣನ ಮನೆಯಲ್ಲಿ, ನೆಂಟರಿಷ್ಟರೆಲ್ಲ ಕುಳಿತಿರುವಾಗ, ಕರೆಂಟಿಗೆ ಹಾಕಿ ಗುಂಡಿ ಒತ್ತಿದರೆ ಒಳಗಿನಿಂದ ಆಡೊಂದು ಅರಚತೊಡಗಿತು. ತೆಳ್ಳಗಿನ, ಅವಸರದ, ಯಾರೋ ಕಿವಿ ಹಿಡಿದು ಎಳೆದೊಯ್ಯುತ್ತಿರುವ ಆಡು. ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ದಿವಾಕರಣ್ಣ. ನಿನ್ನೆ ಚಂದ ಕೇಳಿಸಿದ್ದು ನಮ್ಮ ಉಮೇದಿನ ಭ್ರಮೆ, ಇವತ್ತು ಕೇಳಿದ್ದೇ ನಿಜ ಎಂದು ನಾವೂ ನಂಬಿದೆವು. ತನ್ನ ಸ್ವರ ಟೇಪಿನಲ್ಲಿ ಯಾರಿಗೆ ತಾನೇ ಹಿಡಿಸುತ್ತದೆ? ಆಮೇಲೆ ಗಿಟಾರು ಯಾರದೋ ಪಾಲಾಯಿತು. ದಿವಾಕರಣ್ಣ ಮತ್ತೆ ಹಾಡಲಿಲ್ಲ. ಭಜನಾ ಮಂದಿರಕ್ಕೆ ತಪ್ಪದೆ ಹೋಗುತ್ತಾರೆ, ತಾಳ ಹಾಕುತ್ತಾರೆ, ತುಟಿ ಬಿಚ್ಚುವುದಿಲ್ಲ. ಬೇರೆಯವರು ನಗುವಾಗ ತಾನೂ ಸೇರಿ ನಕ್ಕುಬಿಡುವವನ ಗಾಯ ಬೇಗ ಒಣಗುವುದಿಲ್ಲ. ಇದು ವ್ಯಾಪಾರದಲ್ಲಿಯೂ ನಾನು ಕಂಡ ಮಾತು.

ಇಲ್ಲಿ ನನ್ನ ಚಟದ ವಿಷಯ ಬರುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಹಳೆಯ ರಾಕ್ ರೆಕಾರ್ಡಿಂಗುಗಳನ್ನು ದುರಸ್ತಿ ಮಾಡುತ್ತೇನೆ. ಕಾಸರಗೋಡಿನಿಂದ ಮಂಗಳೂರಿನವರೆಗೆ ಕಾಲೇಜು ಹುಡುಗರು, ಹೋಟೆಲುಗಳಲ್ಲಿ ಬಾರಿಸುತ್ತಿದ್ದವರು, ಯಾರ ಅಟ್ಟದಲ್ಲಿ ಟೇಪು ಇದ್ದರೂ ಗುಜರಿಯ ಜೊತೆ ಕೇಳಿ ತರುತ್ತೇನೆ. ಈಗಿನ ಕಂಪ್ಯೂಟರು ಹಾಡನ್ನು ಬಿಡಿಸಿ ಸ್ವರ, ಗಿಟಾರು, ಡ್ರಮ್ಮು ಬೇರೆ ಬೇರೆ ಪಾತ್ರೆಗೆ ಹಾಕಿಕೊಡುತ್ತದೆ. ಮತ್ತೆ ನಮ್ಮ ರುಚಿಗೆ ಬೆರೆಸಿಕೊಳ್ಳಬಹುದು. ಲಾಭ ಇಲ್ಲದ ಕೆಲಸ. ಅಭಿಮಾನ ಅಂದರೆ ಅದೇ ಅಲ್ಲವೇ?

"ನನಗೆ ಕೊಡಿ ದಿವಾಕರಣ್ಣ, ತೊಳೆದು ಕೊಡ್ತೇನೆ" ಅಂದೆ.

"ಆಡನ್ನು ತೊಳೆದ್ರೆ ದನ ಆಗ್ತದಾ?"

"ನೋಡುವ ಅಲ್ವಾ. ನಿಮಗೆ ಎಂತ ನಷ್ಟ?"

ಅವರು ಪೆಟ್ಟಿಗೆಯನ್ನು ನನ್ನತ್ತ ತಳ್ಳಿದರು. "ಆಗ್ಲಿ. ಆದ್ರೆ ಒಂದು ಮಾತು. ನೀನು ಸರಿ ಮಾಡಿದ ಮೇಲೂ ಆಡೇ ಇದ್ರೆ ನನ್ನ ಎದುರೇ ಸುಡ್ಬೇಕು. ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳುದಿಲ್ಲ. ನಾನು ಹೋದ ಮೇಲೆ ಮೊಮ್ಮಕ್ಕಳು ಮೊಬೈಲಲ್ಲಿ ಹಾಕಿ ನಗುದು ಬೇಡ."

ಮಾಲು ನೋಡದೆ ಮಾತು ಕೊಡಬಾರದು ಎಂದು ಎಷ್ಟು ಜನರಿಗೆ ಬುದ್ಧಿ ಹೇಳಿದ್ದೇನೋ. ನಾನೇ "ಆಯ್ತು" ಅಂದುಬಿಟ್ಟೆ.

ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಮೆಲ್ಲಗೆ ಒರೆಸಿ, ಪೆನ್ಸಿಲಿನಲ್ಲಿ ಸುತ್ತಿ, ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿ ಓಡಿಸಿದೆ. ಆಡು ಕ್ಷೇಮವಾಗಿತ್ತು. ಒಂದಿಷ್ಟೂ ವಯಸ್ಸಾಗಿರಲಿಲ್ಲ. ಗಿಟಾರನ್ನು ಏರಿಸಿ ಸ್ವರವನ್ನು ಇಳಿಸಿದೆ. ಪೊದೆಯ ಹಿಂದಿನ ಆಡಾಯಿತು. ಪ್ರತಿಧ್ವನಿ ಸೇರಿಸಿದೆ, ಬಾವಿಗೆ ಬಿದ್ದ ಆಡಾಯಿತು. ನನ್ನ ಹೆಂಡತಿ ಚಹಾ ತಂದವಳು ಬಾಗಿಲಲ್ಲೇ ನಿಂತು, "ಪಾಪ, ಅದಕ್ಕೆ ಸ್ವಲ್ಪ ಸೊಪ್ಪಾದರೂ ಹಾಕಿ" ಅಂದಳು. ನನಗೆ ನಗು ಬರಲಿಲ್ಲ. ತುಳುವಿನಲ್ಲಿ ಇಂಥ ರಾಕ್ ಹಾಡು ನಾನು ಹುಡುಕಿದ ಯಾವ ಅಟ್ಟದಲ್ಲಿಯೂ ಸಿಕ್ಕಿಲ್ಲ. ಇದ್ದ ಒಂದಕ್ಕೆ ನನ್ನ ಕೈಯಾರೆ ಕಡ್ಡಿ ಗೀರಬೇಕು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನಿಗೆ ಎರಡನೆಯ ಸಲ, ಅದೂ ಕಂಪ್ಯೂಟರಿನ ಸಾಕ್ಷಿ ಸಮೇತ, "ಹೌದು, ನೀವು ಆಡೇ" ಎಂದು ಹೇಳಬೇಕು.

ಬೇರೇನೂ ತೋಚದೆ ಹಿನ್ನೆಲೆಯ ಗದ್ದಲ ಅಳಿಸಲು ಕುಳಿತೆ. ಹಾಡು ಹಾಡಿನ ನಡುವೆ ಟಿಕ್ ಟಿಕ್ ಎಂಬ ಸದ್ದು. ಬ್ರಾಂಚಿನ ಗೋಡೆಯ ಲೋಲಕದ ಗಡಿಯಾರ. ಮೊದಲ ಹಾಡಿನ ಹತ್ತಿರದ ಟಿಕ್ ಟಿಕ್ಕನ್ನು ಆರಿಸಿ, ಇದೇ ಅಳತೆಯಲ್ಲಿ ಉಳಿದದ್ದನ್ನೂ ತೆಗೆ ಎಂದು ಕಂಪ್ಯೂಟರಿಗೆ ಹೇಳಿದರೆ ಅದಕ್ಕೆ ಸಾಧ್ಯವಾಗಲಿಲ್ಲ. ಅಳತೆ ಕೂಡುತ್ತಿರಲಿಲ್ಲ. ಕಿವಿಗೊಟ್ಟು ಕೇಳಿದೆ. ಮೊದಲಿಗೇ ಅವಸರದಲ್ಲಿದ್ದ ಗಡಿಯಾರ ಕೊನೆಯ ಹಾಡಿನ ಹೊತ್ತಿಗೆ ತಲಪಾಡಿಯ ಬಸ್ಸು ತಪ್ಪುತ್ತದೆ ಎಂಬ ಹಾಗೆ ಓಡುತ್ತಿತ್ತು.

ನೀವೇ ಹೇಳಿ, ಯಾವ ಲೋಲಕ ಹಾಗೆ ಓಡುತ್ತದೆ?

ಕುರ್ಚಿಯಿಂದ ಎದ್ದುಬಿಟ್ಟೆ. ಉಮೇಶನ ಸೆಲ್ಲು! ಒಣಮೀನಿನ ಪಕ್ಕ ಬಿಸಿಲು ಕಾಯಿಸಿಕೊಂಡು ಬಂದ ಮುದಿ ಸೆಲ್ಲುಗಳು ಹಾಡು ಹಾಡಿಗೂ ಸೋಲುತ್ತ ಹೋಗಿದ್ದವು. ಟೇಪು ತೆವಳುತ್ತ ಹಿಡಿದ ಸ್ವರವನ್ನು ಮರುದಿನ ಕರೆಂಟಿನ ಪೂರ್ತಿ ವೇಗದಲ್ಲಿ ಓಡಿಸಿದರೆ ಆಡಲ್ಲದೆ ಇನ್ನೇನು ಬಂದೀತು? ಬ್ರಾಂಚಿನಲ್ಲಿ ಚಂದ ಕೇಳಿಸಿದ್ದು ಭ್ರಮೆಯಲ್ಲ. ಅದೇ ಸೋತ ಸೆಲ್ಲಿನಲ್ಲಿ ಕೇಳಿದ್ದರಿಂದ ಸರಿಯಾಗಿಯೇ ಇತ್ತು. ಗದ್ದಲವನ್ನು ಮೊದಲೇ ಅಳಿಸಿದ್ದರೆ ಗಡಿಯಾರವೂ ಹೋಗುತ್ತಿತ್ತು. ದುರಸ್ತಿಗೆ ಇಳಿಯುವವರಿಗೆ ನನ್ನ ಬುದ್ಧಿಮಾತು ಇಷ್ಟೇ: ಕಸ ಗುಡಿಸುವ ಮೊದಲು ಕಸದೊಳಗೆ ನೋಡಿ.

ಗಡಿಯಾರವನ್ನೇ ಯಜಮಾನನಾಗಿ ಇಟ್ಟುಕೊಂಡು, ಅದು ನೆಟ್ಟಗೆ ನಡೆಯುವಷ್ಟು ಹಾಡನ್ನು ಮೆಲ್ಲ ಮೆಲ್ಲನೆ ನಿಧಾನ ಮಾಡುತ್ತ ಹೋದೆ. ಆಡಿನ ಗಂಟಲು ಅಗಲವಾಯಿತು, ಎದೆ ಬಂತು. ಕೊನೆಗೆ ತುಂಬಿದ, ತುಸು ಒರಟಾದ, ಕೆಳಗಿನ ಸ್ವರದಲ್ಲಿ ಆರಾಮವಾಗಿ ನಿಲ್ಲುವ ಒಬ್ಬ ಪ್ರಾಯದ ಗಂಡಸು ಹಾಡತೊಡಗಿದ. ಬೆಂಕಿಪೆಟ್ಟಿಗೆಯನ್ನು ಮೇಜಿನಿಂದ ತೆಗೆದು ದೇವರ ಕೋಣೆಯಲ್ಲಿ ಇಟ್ಟು ಬಂದೆ.

ದಿವಾಕರಣ್ಣ ಬಂದರು. ಹೆಡ್‌ಫೋನನ್ನು ಕಿವಿಗೆ ಇಡುವ ಮುಂಚೆ ನಗಲು ಮುಖವನ್ನು ಸಿದ್ಧ ಮಾಡಿಕೊಂಡದ್ದು ನನಗೆ ಕಾಣಿಸಿತು. ಹಾಡು ಶುರುವಾಯಿತು. ಆ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೆಯೇ ನಿಂತಿತು.

"ಇವ ಯಾರು ಮಾರಾಯ?"

"ನೀವೇ."

"ಕಂಪ್ಯೂಟರಿನಲ್ಲಿ ಬೇರೆಯವರದ್ದು ಹಾಕಿದ್ದಲ್ಲವಾ? ಈಗ ಎಂತ ಬೇಕಾದ್ರೂ ಮಾಡ್ತಾರಂತೆ."

"ನಿಮ್ಮಾಣೆ ಇಲ್ಲ. ಸೆಲ್ಲು ಸೋತದ್ದು ದಿವಾಕರಣ್ಣ, ನೀವಲ್ಲ." ಗಡಿಯಾರದ ಕಥೆಯನ್ನು ಹೇಳಿದೆ.

ಅವರು ಪುನಃ ಹಾಕಲು ಕೈಸನ್ನೆ ಮಾಡಿದರು. ಇನ್ನೊಮ್ಮೆ, ಮತ್ತೊಮ್ಮೆ. ಕಣ್ಣು ಒರೆಸಿಕೊಳ್ಳುತ್ತಾರೆಂದು ನಾನು ಬೇರೆ ಕಡೆ ನೋಡುತ್ತಿದ್ದೆ. ಅವರು ಹೆಡ್‌ಫೋನ್ ತೆಗೆದು ಹೇಳಿದ್ದು ಇಷ್ಟು: "ಉಮೇಶ ಎರಡು ಕಡೆ ತಾಳ ತಪ್ಪಿದ್ದಾನೆ. ಆಗ್ಲೂ ಹೇಳಿದ್ದೆ, ಅವ ಕೇಳುದಿಲ್ಲ." ಆಗ ನನಗೆ ಸಮಾಧಾನವಾಯಿತು. ಮನುಷ್ಯ ಇನ್ನೊಬ್ಬನ ತಪ್ಪು ಹುಡುಕತೊಡಗಿದ ಅಂದರೆ ಅವನ ಜೀವ ಜಾಗಕ್ಕೆ ಬಂತೆಂದೇ ಅರ್ಥ.

ನಿನ್ನೆ ಬೆಳಗ್ಗೆ ಅಂಗಡಿ ತೆರೆಯುತ್ತಿರುವಾಗ ಫೋನು ಬಂತು. ದಿವಾಕರಣ್ಣನ ಹೆಂಡತಿ ಸುಮಿತ್ರಕ್ಕ.

"ನೀವು ಎಂತ ಮಾಡಿದ್ದು ಮಾರಾಯ್ರೆ? ಇವರು ಬಚ್ಚಲಿಗೆ ಹೋದ್ರೆ ಹೊರಗೆ ಬರುದೇ ಇಲ್ಲ. ಟ್ಯಾಂಕಿ ಖಾಲಿ. ಕೇಳಿ, ನೀವೇ ಕೇಳಿ!"

ಕುಕ್ಕರಿನ ಸೀಟಿ, ನಲ್ಲಿಯ ನೀರು, ಯಾವುದೋ ನಾಯಿ, ನನ್ನ ಬದಿಯಲ್ಲಿ ಹೈವೇಯ ಲಾರಿಗಳು. ಇವೆಲ್ಲದರ ಹಿಂದೆ, ಅಲ್ಲಲ್ಲಿ ಬಿರುಕು ಬಿಟ್ಟ, ಉಸಿರು ಸಾಲದೆ ನಡುವೆ ನಿಂತು ಮತ್ತೆ ಅದೇ ಹಾಡು ಹಿಡಿಯುವ ಒಂದು ಮುದಿ ಸ್ವರ. ಇದರಲ್ಲಿ ಒಂದು ಸದ್ದನ್ನೂ ತೆಗೆಯಬೇಕೆಂದು ನನಗೆ ಅನಿಸಲಿಲ್ಲ.

"ಕೇಳ್ತಾ?" ಎಂದರು ಸುಮಿತ್ರಕ್ಕ.

"ಕೇಳ್ತಾ ಉಂಟು ಅಕ್ಕಾ. ಫೋನು ಇಡಬೇಡಿ."