ಈಶಾನ್ಯದ ಕುರ್ಚಿ

ದಾಬಸ್‌ಪೇಟೆಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ನಾನು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಯಾವ ಲಾರಿ ಎಷ್ಟೊತ್ತಿಗೆ ಗೇಟಿಗೆ ಬರಬೇಕು, ಯಾವ ಡ್ರೈವರು ನೆಲಮಂಗಲದಲ್ಲಿ ಟೀ ಕುಡಿಯುತ್ತ ನಿಂತು, ಗೇಟಿನ ಹತ್ತಿರವೇ ಬಂದುಬಿಟ್ಟೆ ಎಂದು ಫೋನಿನಲ್ಲಿ ಬುರುಡೆ ಬಿಡುತ್ತಾನೆ, ಇವೆಲ್ಲ ನನಗೆ ಬಾಯಿಪಾಠ. ಈ ಕೆಲಸ ನನಗೆ ಇಷ್ಟ. ಇಷ್ಟವಿಲ್ಲದ್ದು ಸೋಮವಾರದ ಮೀಟಿಂಗು, ಅದರಲ್ಲೂ ಆ ಮೀಟಿಂಗಿನ ಒಂದು ಕುರ್ಚಿ.

ಕುರ್ಚಿಯ ಕಥೆ ಶುರುವಾದದ್ದು ವಾಸ್ತು ಪಂಡಿತರಿಂದ. ಹೊಸ ಮೀಟಿಂಗ್ ರೂಮು ಕಟ್ಟಿಸಿದಾಗ ಮಾಲೀಕರು ಅವರನ್ನು ಕರೆಸಿದ್ದರು. ಪಂಡಿತರು ದಿಕ್ಸೂಚಿ ಹಿಡಿದು ಮೇಜಿನ ಸುತ್ತ ಓಡಾಡಿದರು. ಮಾಲೀಕರು ಪೂರ್ವಕ್ಕೆ ಮುಖ ಮಾಡಿ ಕೂರಬೇಕು, ಅವರ ಎಡಕ್ಕೆ, ಈಶಾನ್ಯದ ಕಡೆಯ ಕುರ್ಚಿಯಲ್ಲಿ ಹೆಣ್ಣುಮಗಳೊಬ್ಬಳು ಕೂತರೆ ಲಕ್ಷ್ಮಿ ನೆಲೆ ನಿಲ್ಲುತ್ತಾಳೆ ಎಂದು ಹೇಳಿ, ತಟ್ಟೆ ತುಂಬ ಹಣ್ಣು ತಗೊಂಡು ಹೋದರು. ಮೀಟಿಂಗಿಗೆ ಬರುವವರಲ್ಲಿ ಹೆಣ್ಣುಮಗಳು ಅಂತ ಇದ್ದದ್ದು ನಾನೊಬ್ಬಳೇ. ಹೀಗೆ ಇಡೀ ಕಾರ್ಖಾನೆಯ ಐಶ್ವರ್ಯದ ಹೊಣೆ ನನ್ನ ಹೆಗಲಿಗೆ ಬಿತ್ತು. ಸ್ವಲ್ಪ ದಿನಕ್ಕೆ ಮಾಲೀಕರ ಕೈಯೂ ಅಲ್ಲಿಗೇ ಬಂತು.

ಮೊದಮೊದಲು ಅದು ಕುರ್ಚಿಯ ಬೆನ್ನಿನ ಮೇಲಿತ್ತು. ಆಮೇಲೆ ಹೆಗಲು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಜಿನ ಕೆಳಗಿಳಿದು ನನ್ನ ಮೊಣಕಾಲು ಹುಡುಕತೊಡಗಿತು. ಮೇಜಿನ ಮೇಲೆ ಮಾತ್ರ ಅದೇ ಮನುಷ್ಯ ಶಿಸ್ತು, ಸಮಯಪಾಲನೆ, ನಾವೆಲ್ಲ ಒಂದೇ ಕುಟುಂಬ ಅಂತ ಗಂಭೀರವಾಗಿ ಭಾಷಣ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು. ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ಕಾಗದಕ್ಕೂ ಮನೆಗೆ ಕಳಿಸುವ ಕಾಗದಕ್ಕೂ ಸಹಿ ಹಾಕುವುದು ಅದೇ ಕೈ. ಒಂದು ಸೋಮವಾರ ಊಟದ ಡಬ್ಬಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆ. “ಡಬ್ಬೀನ ಆಚೆ ಇಟ್ಬಿಟ್ಟು ಬಾಮ್ಮ, ರೂಮೆಲ್ಲ ಹುಳಿ ವಾಸ್ನೆ” ಎಂದರು.

ಇನ್ನೊಂದು ವಾರ ಹಲ್ಲು ಕಚ್ಚಿ ಮೇಜಿನ ಆ ತುದಿಯಲ್ಲಿ ಕೂತೆ. ಅದೇ ವಾರ ನಮ್ಮ ಒಂದು ಲೋಡು ಮಳೆಯಲ್ಲಿ ನೆನೆದು ಗಿರಾಕಿಯ ಬಾಗಿಲಿಂದಲೇ ವಾಪಸ್ಸು ಬಂತು. ಟಾರ್ಪಾಲು ಹರಿದಿತ್ತು, ಅಷ್ಟೇ. ಆದರೆ ಅಕೌಂಟ್ಸಿನವರು ನನ್ನ ಮೇಜಿನ ತನಕ ನಡೆದು ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಜಾಗ ಬಿಟ್ರಿ, ಮಾಲು ವಾಪಸ್ ಬಂತು. ನಮ್ಗೂ ಹೆಂಡ್ತಿ ಮಕ್ಳು ಇದಾರೆ.” ಮುಂದಿನ ಸೋಮವಾರ ನಾನು ಮತ್ತೆ ಈಶಾನ್ಯದಲ್ಲಿದ್ದೆ.

ಕೊನೆಗೆ ಎಚ್‌ಆರ್ ನೋಡಿಕೊಳ್ಳುವವರ ಹತ್ತಿರ ಹೋದೆ. ಒಂದೂ ಬಿಡದೆ ಹೇಳಿದೆ. ಅವರು ಪಾಪ, ಸೌಜನ್ಯದ ಮನುಷ್ಯ, ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

“ಕಮಿಟಿ ಇದೆ ಮೇಡಂ. ಗೇಟ್ ಹತ್ರ ಬೋರ್ಡೂ ಹಾಕಿದೀವಲ್ಲ, ನೋಡಿಲ್ವಾ?”

“ಕಮಿಟೀಲಿ ಯಾರಿದಾರೆ?”

“ಅಧ್ಯಕ್ಷೆ ಹೆಂಗಸೇ ಆಗ್ಬೇಕು ಅಂತ ಕಾನೂನು. ಅದಕ್ಕೇ ಸಾಹೇಬ್ರ ಮಿಸೆಸ್‌ನ ಹಾಕಿದೀವಿ.”

“ವಿಚಾರಣೆ ಎಲ್ಲಿ ನಡೆಯುತ್ತೆ?”

“ಮೀಟಿಂಗ್ ರೂಮಲ್ಲಿ.” ಬೇಜಾರಿನಿಂದಲೇ ಸೇರಿಸಿದರು: “ಸಾಹೇಬ್ರೂ ಇರ್ಬೇಕಾಗುತ್ತೆ. ವಾಸ್ತು ಪ್ರಕಾರ ನೀವು ಅದೇ ಕುರ್ಚೀಲೇ ಕೂರ್ಬೇಕಾಗುತ್ತೆ ಮೇಡಂ.”

ನನಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅವರು ಗಾಬರಿಯಾಗಿ ಬಾಟಲಿ ತಂದುಕೊಟ್ಟರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮಾಲೀಕರ ಹೆಂಡತಿ ಪ್ರತಿವರ್ಷ ಕಾರ್ಖಾನೆಗೆ ಬಂದು ಪೂಜೆ ಮಾಡುತ್ತಾರೆ. ಕಲಶ, ಲಕ್ಷ್ಮಿ ಫೋಟೋ ಇಡುವುದು ಆಫೀಸಿನ ಮೂಲೆಯ ಸ್ಟೂಲಿನ ಮೇಲೆ. ಆ ವರ್ಷ ಅವರು ತೆಂಗಿನಕಾಯಿಗೆ ಅರಿಸಿನ ಹಚ್ಚುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ: “ಮೇಡಂ, ಲಕ್ಷ್ಮಿ ಕೂರ್ಬೇಕಾದ ಜಾಗ್ದಲ್ಲಿ ನಾನು ಕೂರ್ತಿದೀನಿ. ತಾಯೀನ ಮೂಲೇಲಿ ಸ್ಟೂಲ್ ಮೇಲೆ ಕೂರ್ಸಿ ನಾನು ಕುಶನ್ ಮೇಲೆ ಕೂರೋದು ಸರಿಯಿಲ್ಲ ಅನ್ಸುತ್ತೆ.”

ಅವರು ಕೈ ನಿಲ್ಲಿಸಿದರು. ಗಾಜಿನಾಚೆ ಮೀಟಿಂಗ್ ರೂಮಿನ ಆ ಕುರ್ಚಿ ನೋಡಿದರು, ಅದರ ಪಕ್ಕದ ದೊಡ್ಡ ಕುರ್ಚಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ತಕ್ಷಣ ಗೊತ್ತಾಯಿತು. “ಕೂರ್ಸೋಣ ಕಣಮ್ಮ. ಹಬ್ಬ ಆದ್ಮೇಲೂ ಫೋಟೋ ಅಲ್ಲೇ ಇರ್ಲಿ” ಎಂದರು.

ಮಾರನೆಯ ದಿನ ಕಲಶ ತೆಗೆದರೂ ಕಟ್ಟು ಹಾಕಿಸಿದ ದೊಡ್ಡ ಲಕ್ಷ್ಮಿ ಫೋಟೋ, ಕೆಂಪು ರವಿಕೆ ಬಟ್ಟೆಯ ಮೇಲೆ, ಸುತ್ತುವ ಕುರ್ಚಿಯಲ್ಲಿ ಉಳಿಯಿತು. ಎಸಿ ಜೋರಾದರೆ ಕುರ್ಚಿ ಮೆಲ್ಲಗೆ ತಿರುಗಿ ದೇವಿ ಮಾಲೀಕರನ್ನೇ ನೋಡುತ್ತಿದ್ದಳು. ಚಕ್ರಕ್ಕೆ ರಟ್ಟಿನ ಚೂರು ಸಿಕ್ಕಿಸಿದರೂ ತಿರುಗುತ್ತಿದ್ದಳು. ದೇವರಿರುವ ಕೋಣೆ ಎಂದು ಎಲ್ಲರೂ ಬಾಗಿಲಲ್ಲೇ ಬೂಟು ಬಿಡತೊಡಗಿದರು. ತೂತುಬಿದ್ದ ಕಾಲುಚೀಲಗಳಲ್ಲಿ ಉತ್ಪಾದನೆಯ ಗುರಿಗಳು ಚರ್ಚೆಯಾದವು. ಮಾಲೀಕರ ಎಡಗೈ ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿರುತ್ತಿತ್ತು. ಆ ಕುರ್ಚಿಯನ್ನು ಮುಟ್ಟಬಾರದು ಎಂದು ಯಾರಿಗೂ ತರಬೇತಿ ಕೊಡಬೇಕಾಗಲಿಲ್ಲ. ಅದನ್ನು ಕಂಡು ನನಗೆ ನೆಮ್ಮದಿಯೂ ಆಯಿತು, ಹೊಟ್ಟೆಯೂ ಉರಿಯಿತು. ಚೌಕಟ್ಟು ಹಾಕಿದ ಕಾಗದಕ್ಕೆ ಸಿಕ್ಕಿದ ಮರ್ಯಾದೆ ಉಸಿರಾಡುವ ನನಗೆ ಸಿಕ್ಕಿರಲಿಲ್ಲ.

ಆಮೇಲೆ ಕ್ವಾಲಿಟಿ ವಿಭಾಗಕ್ಕೆ ಕುಂದಾಣದ ಕಡೆಯ ಹುಡುಗಿಯೊಬ್ಬಳು ಸೇರಿದಳು. ಓದು ಮುಗಿಸಿ ಬಂದ ಮೊದಲ ಕೆಲಸ. ಸೋಮವಾರ ಹೊಸ ಚೂಡಿದಾರ ಹಾಕಿಕೊಂಡು, ಬರಿಗಾಲಲ್ಲಿ ಮೀಟಿಂಗ್ ರೂಮಿನ ಬಾಗಿಲಲ್ಲಿ ನಿಂತು ಎಲ್ಲಿ ಕೂರುವುದೆಂದು ನೋಡುತ್ತಿದ್ದಳು.

“ಬಾಮ್ಮ, ಇಲ್ಲಿ ಬಲಗಡೆ ಬಾ” ಎಂದರು ಮಾಲೀಕರು. “ಲಕ್ಷ್ಮಿ ಎಡಕ್ಕೆ, ಸರಸ್ವತಿ ಬಲಕ್ಕೆ.”

ಎಲ್ಲರೂ ನಕ್ಕರು. ಅವಳೂ ನಕ್ಕು ಕೂತಳು. ಬಲಗಡೆಯೂ ಒಂದು ಕುರ್ಚಿ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ನಾನು ಮೇಜಿನ ಆ ತುದಿಯಲ್ಲಿ ಕೂತು ಲಾರಿ ನಂಬರುಗಳನ್ನು ಓದುತ್ತಿದ್ದೆ. ನಡುವೆ ಅವಳ ಕುರ್ಚಿಯ ಚಕ್ರ ಕಿರ್ ಎಂದಿತು. ತಲೆಯೆತ್ತಿದೆ. ಅವಳು ಪೆನ್ನು ಹಿಡಿದಿದ್ದಳು, ಬರೆಯುತ್ತಿರಲಿಲ್ಲ. ಆ ಮುಖ ನನಗೆ ಗೊತ್ತಿತ್ತು. ಆ ಬಗೆಯ ಮುಖ ಹಾಕಿಕೊಂಡು ನಾನು ಅದೇ ಮೇಜಿಗೆ ಎಷ್ಟೋ ಸೋಮವಾರ ಕೂತಿದ್ದೆ.

“ಸರ್, ಕೈ ಮೇಜಿನ ಮೇಲಿಡಿ” ಎಂದೆ.

ಮೊದಲೇ ಯೋಚಿಸಿಟ್ಟುಕೊಂಡ ಮಾತಲ್ಲ ಅದು. ನಂಬರು ಓದುತ್ತಿದ್ದ ದನಿಯಲ್ಲೇ ಬಂದುಬಿಟ್ಟಿತು. ಮೊದಲು ಅಕೌಂಟ್ಸಿನವರ ಎರಡೂ ಕೈ ಮೇಲೆ ಬಂದವು. ಆಮೇಲೆ ಎಚ್‌ಆರಿನವರದು, ಪ್ರೊಡಕ್ಷನ್ನಿನವರದು. ಒಬ್ಬೊಬ್ಬರಾಗಿ ಅಷ್ಟೂ ಗಂಡಸರು ಅಂಗೈ ಕೆಳಗೆ ಮಾಡಿ, ಉಗುರು ತೋರಿಸಲು ನಿಂತ ಶಾಲೆ ಮಕ್ಕಳ ಹಾಗೆ ಕೈ ಚಾಚಿ ಕೂತರು. ಎಲ್ಲರಿಗಿಂತ ಕೊನೆಗೆ ಮಾಲೀಕರ ಬಲಗೈ ಮೇಲೆ ಬಂತು.

ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಆಗಲೇ ನನಗೆ ಗೊತ್ತಾದದ್ದು, ಇವರಿಗೆಲ್ಲ ನನ್ನ ಕಾಲದಿಂದಲೂ ಗೊತ್ತಿತ್ತು.

ಹುಡುಗಿ ಎದ್ದಳು. ತನ್ನ ಕುರ್ಚಿಯನ್ನು ತಳ್ಳಿಕೊಂಡು, ಚಾಚಿದ ಅಷ್ಟೂ ಕೈಗಳನ್ನು ದಾಟಿ ಬಂದು, ನನ್ನ ಪಕ್ಕ ನಿಲ್ಲಿಸಿ ಕೂತಳು. ನಾನು ಮುಂದಿನ ಲಾರಿಯ ನಂಬರು ಓದಿದೆ. ವಾಸ್ತುವಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.