ಚಾಚಿಯ ಅಂಗಡಿಯ ಮಂಜು

ಹಳೆಯ ಬಿಸ್ಕೀಟು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಡಾಂಬರ್ ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸೀರೆಯ ಟ್ರಂಕಿನಿಂದ ಬರಬೇಕಾದ ವಾಸನೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಬಂದರೆ ಬೇರೆಯವರಿಗೆ ವಿಚಿತ್ರ ಅನಿಸೀತು. ನನಗೆ ಅನಿಸಲಿಲ್ಲ. ಡಬ್ಬಿಯಲ್ಲಿ ಕುಪ್ಪಸದ ಖಣದ ತುಂಡಿನೊಳಗೆ ಸುತ್ತಿಟ್ಟ ಒಂದು ಗ್ರಾಫಿಕ್ಸ್ ಕಾರ್ಡು ಇತ್ತು. ಅದಕ್ಕೂ ನುಸಿ ಹಿಡಿದೀತೆಂದು ಗುಳಿಗೆ ಹಾಕಿ ಕೊಟ್ಟವಳು ಬೆಟಗೇರಿಯ ನಮ್ಮ ಓಣಿಯ ಚಾಚಿ. ಎಂಥ ಹೆಣ್ಣುಮಗಳು ಆಕೆ!

ಡಬ್ಬಿ ಹುಡುಕಲು ಕಾರಣ ಮುಂಡರಗಿಯ ಒಬ್ಬ ಗಿರಾಕಿ. ಈಗ ಹಳೆಯ ಆಟಗಳನ್ನು ಹಳೆಯ ಮಷೀನಿನಲ್ಲೇ ಆಡುವ ಹೊಸ ಹುಚ್ಚು ಶುರುವಾಗಿದೆಯಲ್ಲ, ಅದು ಈ ಮಹಾರಾಯನಿಗೂ ಹಿಡಿದಿದೆ. ಕಾಲೇಜಿನ ದಿನಗಳ ಬಂದೂಕಿನ ಆಟ, ಅದೇ ದಪ್ಪ ಡಬ್ಬಾ ಮಾನಿಟರು, ಅದೇ ಕಾಲದ ಕಂಪ್ಯೂಟರು ಬೇಕಂತೆ. ಎಲ್ಲ ಜೋಡಿಸಿಟ್ಟೆ. ಚಿತ್ರ ಮೂಡಿಸುವ ಕಾರ್ಡು ಮಾತ್ರ ಉಳಿಯಿತು. ನನ್ನ ಹತ್ತಿರ ಎರಡಿದ್ದವು. ಚಾಚಿ ಕೊಟ್ಟದ್ದು ಆ ಮಷೀನಿನ ಓರಗೆಯದು, ಹಗುರ. ಇನ್ನೊಂದು ಕೆಲವು ವರ್ಷ ಈಚಿನದು, ಫ್ಯಾನು ಗೀನು ಹೊತ್ತ ಗಟ್ಟಿ ಕುಳ. ಗಿರಾಕಿಗೆ ಆ ಗಟ್ಟಿ ಕುಳವೇ ಬೇಕಿತ್ತು.

ಚಾಚಿ ಆ ಕಾರ್ಡು ಕೊಟ್ಟ ಕಾಲಕ್ಕೆ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಕಟಿಂಗ್ ಅಂಗಡಿಯವನೂ ಬೋರ್ಡಿನ ಮೇಲೆ ‘ಜಿಲ್ಲೆ’ ಎಂದು ದಪ್ಪಗೆ ಬರೆಸಿ ಮೀಸೆ ತಿರುವುತ್ತಿದ್ದ ಕಾಲ. ನಮ್ಮದು ನೇಕಾರರ ಮನೆ. ಮಗ್ಗ ನಿಂತಿತ್ತು, ನಾನು ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿತು ಹೊಟ್ಟೆ ಹೊರೆಯುತ್ತಿದ್ದೆ. ಚಾಚಿ ನಮ್ಮ ಎದುರು ಮನೆಯವಳು. ಗಂಡ ತೀರಿಕೊಂಡ ಮೇಲೆ ಸೀರೆ, ಖಣಗಳ ಗಂಟು ಹೊತ್ತು ಮುಳಗುಂದ, ಕೋಟುಮಚಗಿ, ಬೆಳ್ಳಟ್ಟಿ ಎಂದು ಮನೆಮನೆ ತಿರುಗಿದವಳು. ತಿರುಗಿ ತಿರುಗಿ ಮೊಣಕಾಲು ಕೈಕೊಟ್ಟವು. ಇನ್ನು ಕೂತು ಮಾಡುವ ದಂಧೆ ಆಗಬೇಕು ಎಂದು, ಕೂಡಿಟ್ಟಿದ್ದನ್ನೆಲ್ಲ ಸುರಿದು, ಮನೆಯ ಮುಂದಿನ ಖೋಲಿಯಲ್ಲಿ ನಾಲ್ಕು ಹಳೆಯ ಕಂಪ್ಯೂಟರ್ ಇಡಿಸಿ ಆಟದ ಅಂಗಡಿ ತೆರೆದಳು. ಜೋಡಿಸಿಕೊಟ್ಟವನು ನಾನೇ.

ಬಾಗಿಲ ಬಳಿ ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಮಡಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದಳು. ಕಂಪ್ಯೂಟರಿನ ಗಂಧಗಾಳಿ ಇರಲಿಲ್ಲ. ಆದರೆ ಯಾರಾದರೂ ಬಾಯಿ ಹೊಲಸು ಮಾಡಿದರೆ ಬೆಳ್ಳುಳ್ಳಿಯ ಬುಟ್ಟಿ ಬದಿಗಿಟ್ಟು, "ಏ, ಇದು ಮನಿ ಐತಿ. ಬೈಯೂದಿದ್ರ ಸಂತ್ಯಾಗ ಹೋಗಿ ಬೈ," ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಮರುದಿನ ಅದೇ ಹುಡುಗ ತಲೆ ತಗ್ಗಿಸಿ ಬಂದರೆ ಮೊದಲ ಪಾಳಿ ಅವನಿಗೇ. ಅಷ್ಟು ಗತ್ತಿನಿಂದ ಅಂಗಡಿ ನಡೆಸಿದವರನ್ನು ನಾನು ಮತ್ತೆ ನೋಡಿಲ್ಲ.

ಅಷ್ಟರಲ್ಲಿ ಗದಗಿನ ಸ್ಟೇಷನ್ ಕಡೆ ಒಂದು ದೊಡ್ಡ ಅಂಗಡಿ ಶುರುವಾಯಿತು. ತಣ್ಣಗಿನ ಖೋಲಿ, ತಿರುಗುವ ಕುರ್ಚಿ. ನಮ್ಮ ಅರ್ಧ ಹುಡುಗರು ಅತ್ತ ಜಾರಿದರು. ಉಳಿದವರಿಗೂ ಅವರಿಗೂ ಜಿದ್ದು ಬೆಳೆದು ಕೊನೆಗೆ ಒಂದು ಪಂದ್ಯ ಗೊತ್ತಾಯಿತು. ಅಲ್ಲಿಯ ಒಬ್ಬ, ಇಲ್ಲಿಯ ಒಬ್ಬ, ಜಾಗ ಚಾಚಿಯ ಅಂಗಡಿ. ಯಾವ ಅಂಗಡಿಯವನು ಗೆಲ್ಲುತ್ತಾನೋ ಎಲ್ಲರೂ ಮುಂದೆ ಅಲ್ಲೇ ಆಡುವುದು. ಹುಡುಗರು ಅದಕ್ಕೆ ‘ಜಿಲ್ಲಾ ಮಟ್ಟದ ಪಂದ್ಯ’ ಎಂದು ಹೆಸರಿಟ್ಟರು. ಅವರಿಗೆ ಅದು ಮೋಜು. ಚಾಚಿಗೆ ಮಾತ್ರ ಹಾಗಲ್ಲ. ಸೋತರೆ ಅಂಗಡಿ ಖಾಲಿ, ಆ ಮೊಣಕಾಲಿನ ಮೇಲೆ ಮತ್ತೆ ಗಂಟು.

ಗ್ರಹಚಾರಕ್ಕೆ ಅದೇ ಹೊತ್ತಿಗೆ ಒಂದು ಮಷೀನಿನ ಕಾರ್ಡು ಸುಟ್ಟಿತು. ನನಗೆ ಲಕ್ಷ್ಮೇಶ್ವರದಲ್ಲಿ ಕೆಲಸವಿತ್ತು. "ಉಳಿದ ಮೂರರ ಓರಗಿದ ತರ್ರಿ ಚಾಚಿ," ಎಂದು ಸಾರಿ ಸಾರಿ ಹೇಳಿ ಆಕೆಯನ್ನೇ ಹುಬ್ಬಳ್ಳಿಗೆ ಕಳಿಸಿದೆ. ಬಂದವಳು ಬೀಗುತ್ತ ಚೀಲದಿಂದ ತೆಗೆದದ್ದು ಒಂದು ಇಟ್ಟಂಗಿಯಂಥ ಕಾರ್ಡು.

"ಇದು ಬ್ಯಾರೆ ಕಾಲದ್ದ್ರಿ ಚಾಚಿ. ಓರಗಿದು ಸಿಗಲಿಲ್ಲೇನು?"

"ಸಿಕ್ಕಿತ್ತೋ ತಮ್ಮಾ. ಕೈಯಾಗ ಹಿಡದ್ರ ಹಗೂರ, ಕಲಬೆರಕಿ ರೇಷ್ಮಿ ಇದ್ದಂಗ. ಇದನ್ನ ಹಿಡದ ನೋಡು, ಎಷ್ಟ ತೂಕ ಐತಿ! ಇಷ್ಟ ವರ್ಸ ಸೀರಿ ಮಾರಿದಾಕಿ ನಾ. ನನಗ ಟೋಪಿ ಹಾಕ್ತಾರೇನು?"

ಜರಿಯನ್ನು ಅಂಗೈಯಲ್ಲಿ ತೂಗಿ ನೋಡುವವರು ಮಾತ್ರ ಮಾಡುವ ತಪ್ಪು ಅದು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕಾರ್ಡು ಕೂಡಿಸಿದೆ. ಆಟ ಚೆನ್ನಾಗಿಯೇ ಓಡಿತು. ಒಂದೇ ಒಂದು ಕೊರತೆ. ಹುಡುಗರು ಆಡುತ್ತಿದ್ದ ಬಂದೂಕಿನ ಆಟ, ಮುಂಡರಗಿಯ ಗಿರಾಕಿ ಈಗ ಕೇಳುತ್ತಿರುವ ಅದೇ ಆಟ, ನಡೆಯುವುದು ಗುಡ್ಡಗಳ ನಡುವೆ, ದಟ್ಟ ಮಂಜಿನಲ್ಲಿ. ಹಳೆಯ ಆಟಗಳು ಮಂಜು ಬರೆಯುತ್ತಿದ್ದ ರೀತಿಯೇ ಬೇರೆ, ಈ ಹೊಸ ಕಾರ್ಡಿಗೆ ಅದು ಗೊತ್ತಿರಲಿಲ್ಲ. ಅದು ಮಂಜನ್ನು ಪೂರ್ತಿ ಬಿಟ್ಟೇಬಿಟ್ಟಿತು. ಗುಡ್ಡ, ಗಿಡ, ಗೋಡೆ ಎಲ್ಲ ನಿಚ್ಚಳ. ಚಾಚಿಗೆ ಹೇಳಿದೆ. "ಮಂಜ ತಗೊಂಡು ಏನ್ ಮಾಡಬೇಕೋ? ಕಿಡಕಿ ಒರಸಿದಂಗ ಸ್ವಚ್ಛ ಕಾಣಾಕತ್ತೈತಿ, ಚಲೋ ಆತು," ಎಂದು ನಕ್ಕುಬಿಟ್ಟಳು. ಹುಡುಗರು ಆ ಮಷೀನಿಗೆ ಪಾಳಿ ಹಚ್ಚಿದಾಗಲಂತೂ ಓಣಿಯ ತುಂಬ ಆಕೆಯದು ಒಂದೇ ಮಾತು: "ನೋಡ್ರಿ, ತೂಕದ ಮಾಲಿಗೆ ಕಿಮ್ಮತ್ತೇ ಬ್ಯಾರೆ."

ಪಂದ್ಯದ ದಿನ ಖೋಲಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಗದಗಿನ ಹುಡುಗರು ಸೈಕಲ್ ಮೇಲೆ ಬಂದಿಳಿದರು. ನಮ್ಮ ಕಡೆಯವನು ಟೇಲರ್ ಮಗ, ಚುರುಕು ಬೆರಳಿನವನು. ಅವನು ಹೋಗಿ ಕೂತದ್ದು ಹೊಸ ಕಾರ್ಡಿನ ಮುಂದೆ. ಗದಗಿನವನಿಗೆ ಪಕ್ಕದ ಮಷೀನು ಕೊಟ್ಟರು. ಆಟ ಶುರುವಾಯಿತು. ಗದಗಿನವನು ಮಂಜಿನಲ್ಲಿ ತಡವರಿಸುತ್ತಿದ್ದರೆ ನಮ್ಮವನು ದೂರದಿಂದಲೇ ನೋಡಿ ನೋಡಿ ಹೊಡೆಯುತ್ತಿದ್ದ. ನಮ್ಮ ಹುಡುಗರ ಕೇಕೆ ಓಣಿಯ ತುದಿಯವರೆಗೂ ಕೇಳುತ್ತಿತ್ತು. ನನ್ನದೂ ಅದರಲ್ಲಿ ಸೇರಿತ್ತೆನ್ನಿ.

ಬಂದವರಿಗೆ ಶರಬತ್ತು ಕೊಡಲು ಚಾಚಿ ಕುಂಟುತ್ತ ಒಳಗೆ ಬಂದಳು. ತಾಟು ಹಿಡಿದವಳು ಹಾಗೇ ನಿಂತಳು. ಈ ಪರದೆ ನೋಡಿದಳು, ಆ ಪರದೆ ನೋಡಿದಳು. ಎರಡೂ ಅಕ್ಕಪಕ್ಕದಲ್ಲಿ ಕಂಡದ್ದು ಆಕೆಗೆ ಅದೇ ಮೊದಲು.

"ಏ ತಮ್ಮಾ... ಇಲ್ಲೆ ಮಂಜ ಐತಿ, ಅಲ್ಲೆ ಇಲ್ಲ. ಅಂದ್ರ ನಮ್ಮಂವಗ ಇಂವ ಕಾಣ್ತಾನು, ಇಂವಗ ನಮ್ಮಂವ ಕಾಣಂಗಿಲ್ಲ?"

"ಹೌದ್ರಿ. ಸುಮ್ನಿರ್ರಿ ಚಾಚಿ, ಗೆಲ್ಲಾಕತ್ತಾನ," ಎಂದು ಪಿಸುಗುಟ್ಟಿದೆ.

ತಾಟು ಕೆಳಗಿಟ್ಟಳು. ಗೋಡೆಯ ಹತ್ತಿರ ಹೋಗಿ ಫಟ್ಟನೆ ಮಷೀನುಗಳ ಬಟನ್ ಆರಿಸಿದಳು. "ತೌಬಾ ತೌಬಾ! ಒಬ್ಬನ ಕಣ್ಣ ಕಟ್ಟಿ ಇನ್ನೊಬ್ಬನ ಕೈಯಾಗ ಬಡಿಗಿ ಕೊಟ್ರ ಅದು ಆಟೇನು? ಮಂಜ ಇದ್ರ ಇಬ್ಬರಿಗೂ ಇರಬೇಕು." ಆಮೇಲೆ ಗದಗಿನ ಹುಡುಗರ ಕಡೆ ತಿರುಗಿ, "ತಪ್ಪ ನಂದು. ತೂಕ ನೋಡಿ ತಂದೆ, ಹಿಂಗ ಆಗ್ತೈತಂತ ತಿಳಿಲಿಲ್ಲ. ನಮ್ಮಂವ ಆ ಇನ್ನೊಂದು ಹಳೇ ಮಷೀನಿಗೆ ಕೂಡ್ತಾನ, ಮೊದಲಿಂದ ಆಡ್ರಿ," ಎಂದಳು.

ನನಗೆ ತಲೆ ಕೆಟ್ಟುಹೋಯಿತು. ಆಕೆಯ ಕೈ ಹಿಡಿದು ಅಡುಗೆ ಮನೆಗೆ ಎಳೆದೊಯ್ದೆ. "ಬುದ್ಧಿ ಐತೇನ್ರಿ ನಿಮಗ? ಅಂಗಡಿ ಹೋಗ್ತೈತಿ! ಮತ್ತ ಗಂಟ ಹೊರಾಕ ಮೊಣಕಾಲ ಎಲ್ಲಿ ಅದಾವ?" ಆಕೆಗೂ ಹೆದರಿಕೆಯಿತ್ತು, ಅದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಸೆರಗಿನಿಂದ ಮುಖ ಒರೆಸಿಕೊಂಡು, "ಮೊಣಕಾಲ ನನ್ನವು, ನೋವೂ ನಂದು. ನೀ ಯಾಕ ಒದರತಿ?" ಎಂದು ಹೊರಗೆ ನಡೆದಳು.

ನಮ್ಮವನು ಸೋತ. ಸ್ವಲ್ಪದರಲ್ಲೇ ಸೋತ, ಆದರೆ ಸೋಲು ಸೋಲೇ. ಚಾಚಿ ಗೆದ್ದ ಹುಡುಗನ ಬೆನ್ನು ತಟ್ಟಿ ಮೊದಲ ಲೋಟ ಶರಬತ್ತು ಅವನಿಗೇ ಕೊಟ್ಟಳು. ಅವನು ಕುಡಿಯದೆ ಬಹಳ ಹೊತ್ತು ಲೋಟ ಹಿಡಿದುಕೊಂಡೇ ನಿಂತಿದ್ದ...

ಒಬ್ಬೊಬ್ಬರಾಗಿ ಹುಡುಗರು ಸ್ಟೇಷನ್ ಕಡೆ ಹೋದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚಿತು. ಮಷೀನುಗಳನ್ನು ಮಾರಿದಳು. ಯಾರಿಗೂ ಬೇಡವಾದ ಒಂದರ ಕಾರ್ಡು ಬಿಚ್ಚಿಸಿ, ಖಣದ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. "ತಗೋ ನಿನ್ನ ಓರಗಿದು. ಹಗೂರ ಐತಿ, ಆದ್ರ ಖರೆ ಐತಿ," ಎಂದಳು.

ಆಕೆ ಮತ್ತೆ ಊರೂರು ತಿರುಗುವುದನ್ನು ನಾನು ಮೊದಲು ಕಂಡದ್ದು ಮುಳಗುಂದದ ಬಸ್ಸಿನಲ್ಲಿ. ಮಡಿಲಲ್ಲಿ ಗಂಟು, ಮೊಣಕಾಲಿಗೆ ಬಿಗಿದ ಪಟ್ಟಿ. ಆಕೆ ನೋಡಿದರೆ ಕಿಲಕಿಲ ನಗುತ್ತಿದ್ದಾಳೆ! "ಗೆದ್ದನಲ್ಲೋ ಆ ಗದಗಿನ ಹುಡುಗ, ಮನಿ ಹುಡಿಕ್ಕೊಂಡು ಹೋದೆ. ಅವರವ್ವಗ ಎರಡ ಸೀರಿ ಮಾರಿ ಬೋಣಿಗಿ ಮಾಡ್ಕೊಂಡ ಬಂದೆ. ಈಗ ಹೇಳು, ಸೋತಾಂವ ಯಾರು?" ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಇಬ್ಬರೂ ನಕ್ಕೆವು. ಇಳಿಯುವಾಗ ಮಾತ್ರ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಗಂಟು ಇಳಿಸಿಕೊಡಲು ಹೋದರೆ ಕೊಡಲಿಲ್ಲ.

ಚಾಚಿ ತೀರಿಕೊಂಡು ಈಗ ಬಹಳ ವರ್ಷಗಳಾದವು. ಆ ಮನೆ ಮಾರಿಹೋಗಿ, ಬೇರೆ ಯಾರೋ ಹೊಸದು ಕಟ್ಟಿಸಿಕೊಂಡಿದ್ದಾರೆ.

ಇವತ್ತು ಮಧ್ಯಾಹ್ನ ಮುಂಡರಗಿಯ ಗಿರಾಕಿ ಫೋನು ಮಾಡಿದ. "ದೊಡ್ಡ ಕಾರ್ಡ ಹಾಕಿದ್ರೇನ್ರಿ? ಅದನ್ನ ಹಾಕ್ರಿ. ಶಿರಹಟ್ಟಿ ಗೆಳೆಯಾನೂ ಒಂದು ಹಳೇ ಮಷೀನ್ ಇಟ್ಟಾನ. ಅಂವಗ ಮಂಜ ಇರ್ತೈತಿ, ನನಗ ಇರೂದಿಲ್ಲ. ಮಗನ್ನ ಹಣ್ಣಗಾಯಿ ನೀರಗಾಯಿ ಮಾಡ್ತೀನಿ," ಎಂದು ಗಹಗಹಿಸಿದ. ಓರಗೆಯದನ್ನೇ ಹಾಕುವುದು, ಬೇಡವಾದರೆ ಬೇರೆ ಅಂಗಡಿ ನೋಡಿಕೊಳ್ಳಿ ಎಂದೆ. ಆತ ಸಿಟ್ಟಿಗೆದ್ದು ಫೋನಿಟ್ಟ. ಈಗೀಗ ನನ್ನ ಅಂಗಡಿಗೆ ಬರುವವರೇ ಕಡಿಮೆ. ಒಬ್ಬ ಗಿರಾಕಿ ಹೋದದ್ದಕ್ಕೇ ಈ ತಿಂಗಳ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸಿ ಕಳೆಯುತ್ತ ಕೂತಿದ್ದೇನೆ. ಆಕೆ ಇಡೀ ಅಂಗಡಿಯನ್ನೇ ಬಿಟ್ಟುಕೊಟ್ಟು, ಗೆದ್ದವರಿಗೆ ಶರಬತ್ತು ಹಂಚಿದಳಲ್ಲ... ಅದೆಂಗ ಮಾಡಿದ್ರಿ ಚಾಚಿ ಎಂದು ಕೇಳೋಣವೆಂದರೆ, ಎದುರು ಮನೆಯಲ್ಲಿ ಈಗ ಆಕೆ ಇಲ್ಲ.