ಚಾಕುವಿನ ಹಿಡಿಗೆ ನೀಲಿ ಬರಿಸಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತ, ಇರುವೆಗೂ ನೋವಾಗದಂತೆ ಬದುಕಿಕೊಂಡಿದ್ದ ನಾನು ಈ ವಯಸ್ಸಿನಲ್ಲಿ ಒಂದು ಚಾಕುವಿನ ಮೋಹಕ್ಕೆ ಬಿದ್ದೆ. ನಮ್ಮೂರಲ್ಲಿ ಜೇಬಿನಲ್ಲಿ ಚಾಕು ಇಟ್ಟುಕೊಂಡವನನ್ನು ಜನ ಪುಂಡ ಎನ್ನುತ್ತಾರೆ, ಇಲ್ಲವೇ ಹಣ್ಣಿನ ವ್ಯಾಪಾರಿ ಎನ್ನುತ್ತಾರೆ. ನನ್ನ ಮುಖ ನೋಡಿದವರು ಮೊದಲನೆಯದನ್ನು ನಂಬುವುದಿಲ್ಲ. ನಾನು ಆರಿಸಿ ತಂದ ಕಲ್ಲಂಗಡಿಯನ್ನು ಮನೆಯಲ್ಲಿ ಕೊಯ್ದು ನೋಡಿದವರು ಎರಡನೆಯದನ್ನೂ ನಂಬಲಾರರು.

ಅದು ಮಡಚುವ ಚಾಕು, ಹಿಡಿ ಟೈಟಾನಿಯಂನದು. ಟೈಟಾನಿಯಂ ಎಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಮುರಿದ ಕಾಲಿನೊಳಗೆ ಡಾಕ್ಟರು ಕೂರಿಸುವ ಪಟ್ಟಿಯಾಗಿ ಮಾತ್ರ. ತುಕ್ಕು ಹಿಡಿಯದು, ತೂಕವಿರದು, ನೋಡಲು ಮಾತ್ರ ಶುದ್ಧ ಬೂದಿ. ಕೊರಿಯರಿನವನು ತಂದಿಟ್ಟ ದಿನವೇ ಹೆಂಡತಿ ಕೇಳಿದಳು, “ಇಷ್ಟ್ ರೊಕ್ಕ ಕೊಟ್ಟು ಬೂದಿ ಬಣ್ಣದ್ದು ತರಿಸೀರಲ್ರೀ, ಬ್ಯಾರೆ ಬಣ್ಣ ಇರ್ಲಿಲ್ಲೇನು?” ಇರಲಿಲ್ಲವೆಂದಲ್ಲ. ಬಣ್ಣವನ್ನು ನಾನೇ ಬರಿಸಬೇಕೆಂದು ಬೇಕೆಂದೇ ಬೂದಿಯದನ್ನು ತರಿಸಿದ್ದೆ. ಚಾಕು ನನಗಲ್ಲ, ದೇವದುರ್ಗದ ನಮ್ಮ ಅಣ್ಣನಿಗೆ.

ಅಣ್ಣನ ಬಗ್ಗೆ ಹೇಳದೆ ಚಾಕುವಿನ ಬಗ್ಗೆ ಹೇಳಿದರೆ ಉಪ್ಪಿಲ್ಲದ ಸಾರು ಬಡಿಸಿದಂತೆ. ಅವನು ಮೋಟಾರು ರಿಪೇರಿಯವನು. ಸತ್ತ ಪಂಪ್‌ಸೆಟ್ಟಿಗೆ ಕಿವಿ ಹಚ್ಚಿ ಅದರ ರೋಗ ಹೇಳುತ್ತಾನೆ. ನನ್ನನ್ನು ಓದಿಸಿದವನೂ ಅವನೇ. ಆದರೆ ಯಾಕೆ ಓದಿಸಿದ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನೆದುರೇ ಒಂದು ಮಾತು ಹೇಳುತ್ತಾನೆ: “ಇಂವನ ಕೈಯಾಗ ಪಾನಾ ಕೊಟ್ರ ಪಾನಾಕ್ಕ ನೋವಾಗ್ತದ. ಅದಕ್ಕ ಪುಸ್ತಕ ಕೊಟ್ಟೆ.” ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರು. ಕೇಳಿದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಒಂದೇ ಹಾಸ್ಯಕ್ಕೆ ಇಷ್ಟು ವರ್ಷ ನಕ್ಕು ನನ್ನ ದವಡೆ ಸೋತಿದೆ. ನನ್ನ ಕೈಯಿಂದ ಆದ ಒಂದು ಕೆಲಸ ನೋಡಿ ಅವನ ಬಾಯಿಂದ ‘ಚಲೋ ಮಾಡೀದಿ’ ಎಂಬ ಮಾತು ಹೊರಡಬೇಕು. ನನಗೆ ಬೇಕಾಗಿದ್ದುದು ಇಷ್ಟೇ. ಪ್ರಶಸ್ತಿ ಪತ್ರಗಳು ಮನೆಯ ಗೋಡೆಯ ಮೇಲೆ ಬೇಕಾದಷ್ಟಿವೆ, ಅವುಗಳ ಹಿಂದೆ ಹಲ್ಲಿಗಳು ಸಂಸಾರ ಮಾಡಿಕೊಂಡಿವೆ.

ಈ ಲೋಹದ ಬಣ್ಣದ್ದೊಂದು ಸೋಜಿಗ. ಹಿಂದೆ ಓಣಿಗೆ ಬರುತ್ತಿದ್ದ ಕಲಾಯಿಯವನು ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುತ್ತಿದ್ದ. ಇಲ್ಲಿ ಬಳಿಯುವುದೇನೂ ಇಲ್ಲ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಹಿಡಿಯನ್ನು ಮುಳುಗಿಸಿ ಕರೆಂಟು ಹರಿಸಿದರೆ ಅದರ ಮೈಮೇಲೆ ತೆಳ್ಳನೆಯ ಪೊರೆಯೊಂದು ಬೆಳೆಯುತ್ತದೆ. ಪೊರೆಗೆ ಸ್ವಂತ ಬಣ್ಣವಿಲ್ಲ. ಅದು ಎಷ್ಟು ದಪ್ಪವೆನ್ನುವುದರ ಮೇಲೆ ಬೆಳಕು ಕಂದಾಗಿಯೋ ನೇರಳೆಯಾಗಿಯೋ ನೀಲಿಯಾಗಿಯೋ ಕಾಣುತ್ತದೆ. ಚರ್ಮ ದಪ್ಪವಾದಷ್ಟೂ ಬಣ್ಣ ಏರುವುದು ಲೋಹಕ್ಕೆ ಮಾತ್ರ ಸೀಮಿತವಲ್ಲ, ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದನ್ನು ಕಂಡಿದ್ದೇನೆ.

ಕರೆಂಟಿಗೆ ಚೌಕನೆಯ ಒಂಬತ್ತು ವೋಲ್ಟಿನ ಸೆಲ್ಲುಗಳು ಬೇಕು. ಸ್ಟೇಷನ್ ರಸ್ತೆಯ ಅಂಗಡಿಯ ಚಾಚಾ ಒಂದು ಹಿಡಿ ಸೆಲ್ಲು ಎಣಿಸಿ ಕೊಡುತ್ತ, “ಮನ್ಯಾಗ ಮದುವಿ ಅದ ಏನ್ರೀ ಸರ್? ಲೈಟಿನ ಸರ ಬ್ಯಾರೆ ಬರ್ತಾವ ನೋಡ್ರಿ, ಸಸ್ತಾ,” ಎಂದ. ಆಮೇಲೆ ಚಾಕುವಿನ ಹಿಡಿಯ ಮೈ ಹದಮಾಡುವ ಕೆಲಸ. ಪಾಲಿಶ್ ಪೇಪರಿನಿಂದ ತಿಕ್ಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಳೆಯ ಹರಳು, ಸೋಪಿನ ನೀರು, ಹಿಡಿಯ ಎರಡು ಹೋಳು ಹಾಕಿ ಕುಲುಕುತ್ತಲೇ ಇರಬೇಕು. ಆಗ ಗೀರುಗಳೆಲ್ಲ ಒಂದರಲ್ಲೊಂದು ಕೂಡಿ ಮೈ ಮೆತ್ತಗಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನು ಕೂಡ ಬೇಸರದಿಂದ ತಿರುಗುವಾಗ ನಾನು ಬನಿಯನ್ನು ತೊಯ್ಯುವಂತೆ ಡಬ್ಬಿ ಕುಲುಕುತ್ತಿದ್ದೆ. “ಕಲ್ಲು ಕುಣಿಸಾಕತ್ತೀರಲ್ರೀ, ಮಗ್ಗಲ ಮನಿಯವ್ರು ಏನಂದಾರು?” ಎಂದು ಹೆಂಡತಿ ಕಿಟಕಿ ಮುಚ್ಚಿದಳು. ಸೋಡಾ ನೀರಿಗೆ ಇಳಿಸಿದಾಗ ಮೊದಲು ಬಂದದ್ದು ಹಳೆಯ ಗಾಯದ ಬಣ್ಣ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೋಡಾ ಸರಿಯಿಲ್ಲ ಎಂದೆ. ತಿಕ್ಕಿ ತೆಗೆದೆ, ಮತ್ತೆ ಮುಳುಗಿಸಿದೆ. ಕೊನೆಗೊಂದು ದಿನ ನವಿಲಿನ ಕೊರಳಿನ ನೀಲಿ ಬಂತು. ನಾನು ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಒಬ್ಬನೇ ನಿಂತಿದ್ದೆ. ಎಂ.ಎ. ಪಾಸಾದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ನಾಗರಪಂಚಮಿಗೆ ದೇವದುರ್ಗಕ್ಕೆ ಹೋದೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಮನೆಯ ನಂಬಿಕೆ; ಹೀಗಾಗಿ ಅಣ್ಣ ಕೂತಿದ್ದ ಮಂಚದ ಮೇಲೆ ಇಟ್ಟೆ. ನಾನೇ ಮಾಡಿದ್ದೆಂದು ಹೇಳಲಿಲ್ಲ. ಹೇಳಿಸಿಕೊಂಡು ಹೊಗಳುವುದಕ್ಕೆ ನೆಂಟರಿದ್ದಾರೆ. ಅವನು ತಾನಾಗಿ ಬಿಚ್ಚಿ ನೋಡಿ, ‘ಇದನ್ಯಾರ್ ಮಾಡಿದ್ರೋ?’ ಎಂದು ಕೇಳಲಿ ಎಂಬ ಆಸೆ. ಅದು ದೊಡ್ಡಸ್ತಿಕೆಯೂ ಹೌದು, ದಡ್ಡತನವೂ ಹೌದು. ಇನ್ನೂ ದೊಡ್ಡ ದಡ್ಡತನವೆಂದರೆ, ಅದನ್ನು ಅದರ ಕಂಪನಿಯ ಡಬ್ಬಿಯಲ್ಲೇ ಹಾಕಿ ಒಯ್ದಿದ್ದೆ. ಕಪ್ಪು ರಟ್ಟಿನ, ಬೆಳ್ಳಿ ಅಕ್ಷರದ, ತೆರೆದರೆ ಮಖಮಲ್ಲು ಇರುವ ಡಬ್ಬಿ.

ನಮ್ಮ ಮನೆಗಳಲ್ಲಿ ಒಂದು ಕಾನೂನಿದೆ. ಡಬ್ಬಿಯಲ್ಲಿ ಬಂದದ್ದನ್ನು ಬಳಸುವುದಿಲ್ಲ, ಎತ್ತಿಡುತ್ತಾರೆ. ಹೊಸ ಟವೆಲ್ಲು, ಗಾಜಿನ ಲೋಟ, ಗೋಡೆ ಗಡಿಯಾರ ಎಲ್ಲವೂ ಅಲ್ಮಾರಿಯಲ್ಲಿ ಕೂತು ಇನ್ನೊಬ್ಬರ ಮನೆಯ ಮದುವೆಗೋ ಬಸುರಿಯ ಕುಬಸಕ್ಕೋ ಕಾಯುತ್ತವೆ. ಆಯೇರಿ, ಎಂದರೆ ಉಡುಗೊರೆ, ಕೊಡಬೇಕಾದಾಗ ಹೊರಬರುತ್ತವೆ, ಆ ಮನೆಯ ಅಲ್ಮಾರಿ ಸೇರುತ್ತವೆ. ನಾವು ಕೊಟ್ಟ ಪಂಚೆ ಮೂರು ಮನೆ ತಿರುಗಿ ನಮಗೇ ಬಂದದ್ದನ್ನು ಗುರುತಿಸಿ ನನ್ನ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಿದ್ದುಂಟು. ಇಷ್ಟೆಲ್ಲ ಗೊತ್ತಿದ್ದೂ ನಾನು ಡಬ್ಬಿಯಲ್ಲಿ ಕೊಟ್ಟೆ. ಅಣ್ಣ ಮುಚ್ಚಳ ಸರಿಸಿ ನೋಡಿ, “ಹೂಂ, ಇಡು,” ಎಂದ. ಅತ್ತಿಗೆ ಅಲ್ಮಾರಿ ತೆರೆದರು. ಆಮೇಲೆ ಎಷ್ಟೋ ದಿನ ಫೋನು ಬಂದಾಗಲೆಲ್ಲ ಅಣ್ಣನದೇ ಇರಬೇಕೆಂದು ಓಡಿದೆ. ಅವನದೂ ಬಂತು. ಮಳೆಯ ಬಗ್ಗೆ ಮಾತಾಡಿ ಇಟ್ಟ.

ದೀಪಾವಳಿ ಕಳೆದ ಮೇಲೆ ಮಾನ್ವಿಯಲ್ಲಿ ಅಣ್ಣನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದರು. ಮಾನ್ವಿ ಅವನ ಸೊಸೆಯ ತವರು. ಊಟವಾದ ಮೇಲೆ ಬೀಗರು, ಎಂದರೆ ಆ ಸೊಸೆಯ ತಂದೆ, ನಮ್ಮೆದುರು ಪೇರಲಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತು ಜೇಬಿನಿಂದ ಚಾಕು ತೆಗೆದರು. ಒಂದು ಮಗ್ಗಲು ನವಿಲುಗೊರಳು, ಇನ್ನೊಂದು ಮಗ್ಗಲು ಬೂದಿ.

“ನಮ್ಮ ದೇವದುರ್ಗದ ಬೀಗರು ಕುಬಸದಾಗ ಕೊಟ್ಟಾರ್ರಿ, ಫಾರಿನ್ ಮಾಲು,” ಎಂದರು. “ಮಾನೋಮಿ ಆಯುಧಪೂಜಿಗೆ ತೊಳಿಯೋ ಮುಂದ ಕಿಲುಬು ಹತ್ತೇದ ಅಂತ ನಮ್ಮಾಕಿ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿಬಿಟ್ಟಾಳ್ರಿ. ನಾ ಬೈದ ಮ್ಯಾಲ ಈ ಕಡೀದು ಉಳೀತು.”

ಪಕ್ಕದಲ್ಲಿದ್ದ ಅಣ್ಣನಿಗೆ ಮೆಲ್ಲಗೆ ಹೇಳಿದೆ, “ಅಣ್ಣಾ, ಅದು ನಾ ಕೊಟ್ಟಿದ್ದಲ್ಲೇನು?”

ಅವನಿಗೆ ಎಳ್ಳಷ್ಟೂ ಸಂಕೋಚವಾಗಲಿಲ್ಲ. “ಹೂಂ, ಅದ. ಮನ್ಯಾಗ ಅದಕ್ಕಿಂತ ಚಲೋದು ಬ್ಯಾರೆ ಏನಿತ್ತು? ಬೀಗರಿಗೆ ಅಂಥಾದ್ದ ಕೊಡಬೇಕಲ್ಲ.”

“ಆ ನೀಲಿ ನಾ ಮಾಡಿದ್ದು ಅಣ್ಣಾ. ನನ್ನ ಕೈಲೆ.”

ಅಣ್ಣ ಬೀಗರಿಂದ ಚಾಕು ಇಸಿದುಕೊಂಡ. ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದ. ಮೋಟಾರು ನೋಡುವಂತೆಯೇ ತಿರುವಿ, ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ ನೋಡಿದ. ನಾನು ಪಂಚಮಿಯಿಂದ ಕಾದದ್ದು ಇದಕ್ಕಾಗಿಯೇ. ಸುಳ್ಳೇಕೆ, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ ಕೂತಿದ್ದೆ.

“ಏನ್ ನೀಟ್ ಕೆಲಸಲೇ ಇದು,” ಎಂದ. ಆಮೇಲೆ ನಕ್ಕ. “ಬೀಗರ, ಕೇಳಿದ್ರೇನು? ನಮ್ಮ ತಮ್ಮ ಇದನ್ನ ತಾನ ಮಾಡ್ಯಾನಂತ! ಲೇ ತಮ್ಮಾ, ಇದು ಮಷಿನ್ ಕೆಲಸ. ಇಷ್ಟ್ ಚಲೋ ಕೈಲೆ ಬರಂಗಿಲ್ಲ. ಅದೂ ನಿನ್ನ ಕೈಲೆ!” ಪಾನಾದ ಹಾಸ್ಯ ಮತ್ತೊಮ್ಮೆ ಹೊರಗೆ ಬಂತು. ಎಲ್ಲರೂ ನಕ್ಕರು. ಚಾಕು ಹಿಂತಿರುಗಿಸುವ ಮೊದಲು ಅಣ್ಣ ನೀಲಿಯ ಮೂಲೆಯೊಂದರಲ್ಲಿದ್ದ ಮಸುಕು ಕಲೆ ತೋರಿಸಿದ. “ಇಲ್ಲೊಂದು ಬೆರಳಿನ ಗುರ್ತು ಉಳಿಸ್ಯಾರ ನೋಡ್ರಿ. ಫ್ಯಾಕ್ಟ್ರಿಯವ್ರೂ ತಪ್ತಾರ.” ಮುಳುಗಿಸುವ ಮುನ್ನ ನನ್ನ ಹೆಬ್ಬೆರಳಿನ ಜಿಡ್ಡು ತಾಗಿದ್ದ ಜಾಗ ಅದು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಗಿಡಕ್ಕೆ ಹೇಗನಿಸುತ್ತದೆಂದು ಆವತ್ತು ತಿಳಿಯಿತು. ರಾಯಚೂರಿನ ಬಸ್ಸು ಹತ್ತಿದೆವು. ಹೆಂಡತಿಯೇ ಕೇಳಿದಳು, “ಅಣ್ಣಾರು ಏನಂದ್ರು?”

“ಭಾಳ ಚಲೋ ಅದ ಅಂದ.”

“ಮತ್ತ ಮಾರಿ ಯಾಕ ಹಿಂಗ?”

ಹೇಳಿದೆ. ಅವಳು ನಗಲಿಲ್ಲ. ನಗಬಹುದೆಂದು ನಾನು ತಯಾರಾಗಿದ್ದೆ. ಕಿಟಕಿಯಾಚೆ ಕೊಯ್ಲಿಗೆ ಬಂದ ಭತ್ತವನ್ನು ನೋಡುತ್ತ, “ಮುಂದಿನ ಸರ್ತಿ ಅಣ್ಣಾರಿಗೆ ಏನರ ಮಾಡೋದಿದ್ರ ಒಂದೀಟು ಕೆಡಿಸಿ ಮಾಡ್ರಿ,” ಎಂದಳು. “ಅಂದ್ರ ನಿಮ್ದ ಅಂತ ನಂಬ್ತಾರ.”